ಹೆಬ್ಬಾವು : ಅಡವಿಯಲ್ಲಿಯೂ ಬಂಧನದಲ್ಲಿಯೂ

ಕನ್ನಡ ನುಡಿಯಲ್ಲಿ ಗಾತ್ರದಿಂದ ದೊಡ್ಡದಾದುದನ್ನು ಹೆಸರಿಸುವಾಗ ‘ಹಿರಿದು’ ಎಂಬ ಗುಣವಾಚಕವು ನಾಮಪದದೊಡನೆ ಬೆರೆತು ಹೊಸ ರೂಪವನ್ನು ತಾಳುವುದುಂಟು. ಹೆಬ್ಬಾಗಿಲು, ಹೆಬ್ಬೆರಳು, ಹೆದ್ದಾರಿ, ಹೆಮ್ಮರ ಎಂಬ ಪದಗಳು ಹೀಗೆ ಹುಟ್ಟಿದವು. ಹೆಬ್ಬಾವು ಎಂಬುದೂ ಅದೇ ಬಗೆಯ ಪದ. ಸಂಸ್ಕೃತದಲ್ಲಿ ಇದಕ್ಕೆ ಅಜಗರ, ಎಂದರೆ ಆಡನ್ನು ನುಂಗುವುದು, ಎಂದು ಹೆಸರು. ಸ್ವೀಡನ್ ದೇಶದ ನಿಸರ್ಗಶಾಸ್ತ್ರಜ್ಞ ಲಿನೇಯಸ್ 1758ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು; ಇಂದು ಪ್ರಾಣಿಶಾಸ್ತ್ರದಲ್ಲಿ ಇದು ಪೈಥಾನ್ ಮೊಲುರಸ್ ಎಂದು ಪ್ರಸಿದ್ಧವಾಗಿದೆ. ಕನ್ನಡದ ಹೆಸರು ಅದರ ಗಾತ್ರವನ್ನು ಹೇಳುತ್ತದೆ, ಸಂಸ್ಕೃತದ ಹೆಸರು ಅದರ ಹಸಿವನ್ನು ಹೇಳುತ್ತದೆ. ಆದರೆ ಈ ಜೀವಿ ಎಲ್ಲಿ ಹೇಗೆ ಬಾಳುತ್ತದೆ, ಯಾವುದನ್ನು ಕಳೆದುಕೊಂಡರೆ ಅಳಿಯುತ್ತದೆ ಎಂಬುದನ್ನು ಹೆಸರಿನಿಂದ ತಿಳಿಯಲಾಗದು.

ಅದನ್ನು ತಿಳಿಯುವ ಅಗತ್ಯವು ಬೆಳಗಾವಿ ಜಿಲ್ಲೆಯ ರೈತನಿಗೆ ಅನಿರೀಕ್ಷಿತವಾಗಿ ಒದಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ, ಹೊಲದ ನಡುವೆ ಉಳಿದ ಕೊನೆಯ ಸಾಲುಗಳಲ್ಲಿ ಅಥವಾ ರವದಿಯ ರಾಶಿಯಡಿಯಲ್ಲಿ ಹತ್ತು ಅಡಿಯ ಹಾವೊಂದು ಕಣ್ಣಿಗೆ ಬಿದ್ದರೆ ಕೂಗು ಏಳುತ್ತದೆ, ಜನ ಕೂಡುತ್ತಾರೆ. ಆ ಗಳಿಗೆಯಲ್ಲಿ ಸಾಮಾನ್ಯವಾಗಿ ಎರಡೇ ಸಲಹೆಗಳು ಕೇಳಿಬರುತ್ತವೆ: ಒಂದು, ಬಡಿಗೆಯಿಂದ ಹೊಡೆದು ಕೊಲ್ಲುವುದು; ಇನ್ನೊಂದು, ಚೀಲಕ್ಕೆ ತುಂಬಿ ಊರೊಳಗೆ ಮೆರೆಸಿ ದೂರದ ಅಡವಿಗೆ ಒಯ್ದು ಬಿಡುವುದು. ಮೊದಲನೆಯದು ಭಯದಿಂದ ಹುಟ್ಟಿದ್ದು, ಎರಡನೆಯದು ಕರುಣೆಯಿಂದ ಹುಟ್ಟಿದ್ದು. ಆದರೂ ಎರಡೂ ಆ ಪ್ರಾಣಿಗೆ ಕೇಡನ್ನೇ ತರಬಹುದೆಂಬ ಸಂಗತಿ ಹೆಚ್ಚು ಜನರಿಗೆ ತಿಳಿದಿಲ್ಲ. ಹೆಬ್ಬಾವಿನ ಬಾಳುವೆಯೆಲ್ಲ ಅದರ ನೆಲೆಯನ್ನು ಅವಲಂಬಿಸಿದೆ ಎಂಬ ಒಂದು ತತ್ತ್ವವನ್ನು ಗ್ರಹಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ.

ನಮ್ಮ ಸೀಮೆಯ ನೆಲ ಮತ್ತು ಹೆಬ್ಬಾವಿನ ನೆಲೆ

ಭಾರತದ ಹೆಬ್ಬಾವು ಪಾಕಿಸ್ತಾನದ ಸಿಂಧೂ ಕಣಿವೆಯಿಂದ ಹಿಡಿದು ಶ್ರೀಲಂಕೆಯವರೆಗೆ ಹರಡಿಕೊಂಡಿದೆ. ಕರ್ನಾಟಕದಲ್ಲಿ ಸಹ್ಯಾದ್ರಿಯ ದಟ್ಟ ಅಡವಿಯಲ್ಲಿಯೂ ಬಯಲುಸೀಮೆಯ ಕುರುಚಲು ಕಾಡಿನಲ್ಲಿಯೂ ಇದು ವಾಸಿಸುತ್ತದೆ. ಇದರ ಬಾಳಿಗೆ ಅವಶ್ಯವಾದುವು ಮುಖ್ಯವಾಗಿ ನಾಲ್ಕು: ಸಮೀಪದಲ್ಲಿ ನೀರು, ಅಡಗಲು ಬಿಲ ಅಥವಾ ಬಂಡೆಯ ಸಂದು, ಮೈ ಕಾಯಿಸಿಕೊಳ್ಳಲು ಬಿಸಿಲು ಬೀಳುವ ತೆರಪು, ಮತ್ತು ಸಾಕಷ್ಟು ಬೇಟೆ.

ಈ ದೃಷ್ಟಿಯಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳನ್ನು ಅವಲೋಕಿಸಿದರೆ ಮಲಪ್ರಭಾ ನದಿಯೇ ಇವುಗಳನ್ನು ಪೋಣಿಸಿದ ದಾರವೆಂದು ತೋರುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಯು ಪೂರ್ವಕ್ಕೆ ಹರಿದಂತೆ ಮಳೆ ಕಡಿಮೆಯಾಗುತ್ತ, ಕಾಡು ಕುರುಚಲಾಗುತ್ತ ಹೋಗುತ್ತದೆ. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಅದರಾಚೆಗೆ ಖಾನಾಪುರದ ಅರಣ್ಯಗಳು, 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡ. ಬೈಲಹೊಂಗಲದ ಸುತ್ತ ಎರೆಭೂಮಿ, ಹತ್ತಿ ಮತ್ತು ಜೋಳದ ಹೊಲಗಳು, ನೀರಾವರಿಯಾದಲ್ಲಿ ಕಬ್ಬು. ಸವದತ್ತಿಯ ಬಳಿ ನದಿಯು ಕಲ್ಲುಗುಡ್ಡವನ್ನು ಸೀಳಿಕೊಂಡು ಹರಿಯುವಲ್ಲಿ ನವಿಲುತೀರ್ಥದ ಅಣೆಕಟ್ಟು, ಅದರ ಹಿಂದೆ ರೇಣುಕಾಸಾಗರ. ರಾಮದುರ್ಗದ ಕಡೆಗೆ ಬಂಡೆಗಲ್ಲಿನ ಗುಡ್ಡಗಳು, ಸುರೇಬಾನದ ಸಮೀಪದ ಶಬರಿಕೊಳ್ಳದಂತಹ ತಂಪಾದ ಕಣಿವೆಗಳು. ಹಳ್ಳದ ದಂಡೆ, ಗುಡ್ಡದ ಸಂದು, ಮುಳ್ಳುಕಂಟಿ, ಕಬ್ಬಿನ ಪಡ ಇವುಗಳಲ್ಲೆಲ್ಲ ಮೇಲೆ ಹೇಳಿದ ನಾಲ್ಕು ಅನುಕೂಲತೆಗಳೂ ಹೆಚ್ಚು ಕಡಿಮೆ ಒಂದೆಡೆ ದೊರೆಯುತ್ತವೆ.

ಹೆಬ್ಬಾವು ತಾನಾಗಿ ಬಿಲ ತೋಡುವುದಿಲ್ಲ. ರಾಜಸ್ಥಾನದ ಭರತಪುರದ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ ನಡೆದ ಅಭ್ಯಾಸಗಳಿಂದ, ಅಲ್ಲಿಯ ಹೆಬ್ಬಾವುಗಳು ಮುಳ್ಳುಹಂದಿ ತೋಡಿದ ಬಿಲಗಳನ್ನು ವರ್ಷವರ್ಷವೂ ಆಶ್ರಯಿಸುತ್ತವೆಯೆಂದೂ, ಚಳಿಗಾಲದಲ್ಲಿ ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸಿಕೊಂಡು ಮರಳಿ ಒಳಸೇರುತ್ತವೆಯೆಂದೂ ತಿಳಿದುಬಂದಿದೆ. ಮುಳ್ಳುಹಂದಿಯ ಬಿಲವನ್ನು ಮುಚ್ಚಿದರೆ ಹೆಬ್ಬಾವಿನ ಮನೆಯನ್ನೂ ಮುಚ್ಚಿದಂತಾಗುತ್ತದೆ. ಗುಡ್ಡದ ಕಲ್ಲನ್ನು ಒಡೆದು ಸಾಗಿಸಿದಾಗಲೂ, ಹಳ್ಳದ ದಂಡೆಯ ಕಂಟಿಗಳನ್ನು ಸವರಿ ಹೊಲಕ್ಕೆ ಸೇರಿಸಿಕೊಂಡಾಗಲೂ ಇದೇ ಪರಿಣಾಮ. ಕಬ್ಬಿನ ಹೊಲದಲ್ಲಿ ಕಾಣುವ ಹೆಬ್ಬಾವು ಎಷ್ಟೋ ಸಲ ಇಂತಹ ನೆಲೆಯನ್ನು ಕಳೆದುಕೊಂಡು, ಇಲಿ ಹೆಗ್ಗಣಗಳ ಜಾಡು ಹಿಡಿದು ಬಂದುದಾಗಿರುತ್ತದೆ.

ಬೇಟೆಯ ಕ್ರಮ

ಹೆಬ್ಬಾವಿಗೆ ವಿಷವಿಲ್ಲ. ಬಲಿಷ್ಠವಾದ ದೇಹ, ಒಳಮುಖವಾಗಿ ಬಾಗಿದ ಹಲ್ಲುಗಳು ಮತ್ತು ತಾಳ್ಮೆ ಇವೇ ಅದರ ಆಯುಧಗಳು. ಬೆಳೆದ ಹಾವು ಸಾಮಾನ್ಯವಾಗಿ ಮೂರು ಮೀಟರಿನಷ್ಟು ಉದ್ದವಿರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ತುಟಿಯ ಅಂಚಿನ ಹುರುಪೆಗಳಲ್ಲಿ ಸಣ್ಣ ಕುಳಿಗಳಿದ್ದು, ಅವುಗಳ ಮೂಲಕ ಇದು ಬಿಸಿರಕ್ತದ ಪ್ರಾಣಿಯ ಮೈಯ ಕಾವನ್ನು ಕತ್ತಲಲ್ಲಿಯೂ ಅರಿಯಬಲ್ಲದು. ಬಾಲದ ಬುಡದಲ್ಲಿ ಎರಡು ಮೊನೆಗಳು ಕಾಣುತ್ತವೆ. ಹಾವುಗಳ ಪೂರ್ವಜರಿಗೆ ಕಾಲುಗಳಿದ್ದುವೆಂಬುದಕ್ಕೆ ಉಳಿದ ಕುರುಹುಗಳಿವು.

ಬೇಟೆಯು ಹತ್ತಿರ ಬಂದೊಡನೆ ಅದನ್ನು ಬಾಯಿಂದ ಹಿಡಿದು ಮೈಯಿಂದ ಸುತ್ತಿ ಬಿಗಿಯುತ್ತದೆ. ಬಿಗಿತದಿಂದ ಉಸಿರು ಕಟ್ಟಿ ಬೇಟೆ ಸಾಯುತ್ತದೆಂದು ಬಹುಕಾಲ ನಂಬಲಾಗಿತ್ತು. ಆದರೆ ಇದೇ ಬಗೆಯಲ್ಲಿ ಬೇಟೆಯಾಡುವ ಅಮೆರಿಕದ ಬೋವಾ ಹಾವಿನ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬಿಗಿತದ ಕೆಲವೇ ಕ್ಷಣಗಳಲ್ಲಿ ಬೇಟೆಯ ರಕ್ತಪರಿಚಲನೆಯೇ ನಿಂತುಹೋಗುವುದೆಂದು ಗೊತ್ತಾಯಿತು. ಕೆಳದವಡೆಯ ಎರಡು ಭಾಗಗಳು ಮುಂದುಗಡೆ ಎಲುಬಿನಿಂದ ಬೆಸೆದಿರದೆ ಹಿಗ್ಗುವ ತಂತುವಿನಿಂದ ಕೂಡಿಕೊಂಡಿರುವುದರಿಂದ ತನ್ನ ತಲೆಗಿಂತ ಅನೇಕ ಪಟ್ಟು ದಪ್ಪದ ಪ್ರಾಣಿಯನ್ನು ನುಂಗಲು ಇದು ಶಕ್ತವಾಗಿದೆ. ನುಂಗುವಾಗ ಉಸಿರುಗೊಳವೆಯ ಬಾಯನ್ನು ಮುಂದಕ್ಕೆ ಚಾಚಿ ಉಸಿರಾಡುತ್ತದೆ.

ದೊಡ್ಡ ಊಟವಾದ ಮೇಲೆ ಹೆಬ್ಬಾವು ದಿನಗಟ್ಟಲೆ ಅಲುಗದೆ ಬಿದ್ದಿರುತ್ತದೆ. ಜನರು ಇದನ್ನು ಸೋಮಾರಿತನವೆಂದು ಬಗೆದು ಗಾದೆಯ ಮಾತಾಗಿಸಿದ್ದಾರೆ. ವಾಸ್ತವದಲ್ಲಿ ಆಗ ಅದರ ಒಳಗೆ ಭಾರಿ ಕೆಲಸ ನಡೆದಿರುತ್ತದೆ. ಇದರ ಹತ್ತಿರದ ಬಂಧುವಾದ ಬರ್ಮಾ ಹೆಬ್ಬಾವಿನಲ್ಲಿ, ಉಂಡ ಎರಡು ದಿನಗಳೊಳಗೆ ಹೃದಯದ ಗಾತ್ರವು ನೂರಕ್ಕೆ 40ರಷ್ಟು ಹೆಚ್ಚಿದುದನ್ನು 2005ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಜೀರ್ಣಕಾರ್ಯ ಮುಗಿದ ಮೇಲೆ ಅದು ಮೊದಲಿನ ಗಾತ್ರಕ್ಕೆ ಇಳಿಯುತ್ತದೆ. ಇಂತಹ ಹೊತ್ತಿನಲ್ಲಿ ಸುತ್ತಲೂ ಜನ ಕೂಡಿ ಕಲ್ಲು ಕೋಲುಗಳಿಂದ ಕೆಣಕಿದರೆ ಹಾವು ಓಡಲು ಅನುಕೂಲವಾಗಲೆಂದು ನುಂಗಿದುದನ್ನೆಲ್ಲ ಕಕ್ಕಿಬಿಡುತ್ತದೆ. ನೋಡುವವರಿಗೆ ಅದೊಂದು ತಮಾಷೆ. ಹಾವಿಗಾದರೋ ಅನೇಕ ವಾರಗಳ ಆಹಾರ ಮಣ್ಣುಪಾಲಾದಂತೆ.

ಹೆಬ್ಬಾವು ಇಲಿ, ಹೆಗ್ಗಣ, ಮೊಲ, ಪಕ್ಷಿಗಳನ್ನು, ದೊಡ್ಡದಾದರೆ ಕಾಡುಹಂದಿಯ ಮರಿಗಳನ್ನೂ ತಿನ್ನುತ್ತದೆ. ಬೆಳೆ ಹಾಳುಮಾಡುವ ಪ್ರಾಣಿಗಳೇ ಇದರ ಆಹಾರವಾದುದರಿಂದ ರೈತನಿಗೆ ಇದು ಉಪಕಾರಿ. ಆದರೆ ಕುರಿಮರಿ, ಆಡಿನಮರಿ, ಕೋಳಿಗಳನ್ನು ಹಿಡಿಯುವುದೂ ಉಂಟೆಂಬುದನ್ನು ಮರೆಮಾಚಬಾರದು. ಒಂದು ಮರಿ ಹೋದರೆ ಬಡ ಕುರಿಗಾರನಿಗೆ ಆಗುವ ನಷ್ಟ ಸಣ್ಣದಲ್ಲ. ಅವನ ಸಿಟ್ಟನ್ನು ಅಜ್ಞಾನವೆಂದು ಹೀಗಳೆಯುವುದು ನ್ಯಾಯವಲ್ಲ. ಹೆಬ್ಬಾವು ಬಹುತೇಕ ರಾತ್ರಿಯಲ್ಲಿ ಬೇಟೆಯಾಡುವುದರಿಂದ ಮರಿಗಳನ್ನು ಸಂದುಗಳಿಲ್ಲದ ಗೂಡಿನಲ್ಲಿ ಮುಚ್ಚಿಡುವುದು, ಹಟ್ಟಿಯ ಸುತ್ತ ಕಂಟಿ ಮತ್ತು ಕಲ್ಲಿನ ರಾಶಿ ಬೆಳೆಯದಂತೆ ನೋಡಿಕೊಳ್ಳುವುದು ಇವೇ ಫಲಕಾರಿಯಾದ ಉಪಾಯಗಳು.

ಮನುಷ್ಯನನ್ನು ನುಂಗುವುದೆಂಬ ಭೀತಿಯ ವಿಷಯವಾಗಿಯೂ ಒಂದು ಮಾತು. ಇಂಡೋನೇಷ್ಯದ ಸುಲವೇಸಿ ಭಾಗದಲ್ಲಿ 2017ರಲ್ಲಿಯೂ 2018ರಲ್ಲಿಯೂ ಮನುಷ್ಯರನ್ನು ನುಂಗಿದ ಹಾವುಗಳು ಜಾಲರಿ ಹೆಬ್ಬಾವು ಎಂಬ ಬೇರೆ ಜಾತಿಯವು. ಜಗತ್ತಿನ ಹಾವುಗಳಲ್ಲೆಲ್ಲ ಅತ್ಯಂತ ಉದ್ದವಾದ ಆ ಜಾತಿ ಕರ್ನಾಟಕದ ಅಡವಿಗಳಲ್ಲಿಲ್ಲ. ನಮ್ಮ ಹೆಬ್ಬಾವು ಕೆಣಕಿದರೆ ಕಚ್ಚಿ ರಕ್ತ ಬರಿಸಬಲ್ಲದು. ದಾರಿ ಬಿಟ್ಟರೆ ಮೆಲ್ಲನೆ ಸರಿದುಹೋಗುತ್ತದೆ.

ಬಂಧನದಿಂದ ಬಂದ ಅರಿವು

ಹೆಬ್ಬಾವನ್ನು ಮನುಷ್ಯನು ಕೂಡಿಹಾಕಿದ್ದರಿಂದ ಆದುದೆಲ್ಲವೂ ಕೇಡೆಂದು ಹೇಳಲಾಗದು. ಬಿಲದ ಕತ್ತಲೆಯಲ್ಲಿ ನಡೆಯುವ ಸಂಗತಿಗಳನ್ನು ಲೋಕವು ತಿಳಿದುದು ಪ್ರಾಣಿಸಂಗ್ರಹಾಲಯಗಳಿಂದಲೇ. ಹೆಣ್ಣು ಹೆಬ್ಬಾವು ಬೇಸಗೆಯಲ್ಲಿ ಮೊಟ್ಟೆಗಳನ್ನಿಟ್ಟು, ಅವುಗಳನ್ನು ರಾಶಿಗೂಡಿಸಿ, ಮೈಯಿಂದ ಸುತ್ತುವರಿದು ಸುಮಾರು ಎರಡು ತಿಂಗಳ ಕಾಲ ಕಾಯುತ್ತದೆ. ತಣ್ಣಗಿನ ಮೈಯ ಹಾವು ಮೊಟ್ಟೆಗೆ ಕಾವು ಕೊಡುವುದೆಂಬ ಮಾತನ್ನು ಹತ್ತೊಂಬತ್ತನೆಯ ಶತಮಾನದ ಪಂಡಿತರು ನಂಬಲಿಲ್ಲ. 1841ರಲ್ಲಿ ಪ್ಯಾರಿಸ್ ನಗರದ ಪ್ರಾಣಿಸಂಗ್ರಹಾಲಯದಲ್ಲಿ ಮೊಟ್ಟೆ ಕಾಯುತ್ತಿದ್ದ ಹೆಬ್ಬಾವಿನ ಸುರುಳಿಯೊಳಗೆ ವಾಲೆನ್ಸಿಯೆನ್ ಎಂಬ ವಿದ್ವಾಂಸನು ಉಷ್ಣಮಾಪಕವನ್ನಿಟ್ಟು, ಅದು ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದನ್ನು ಅಳೆದು ತೋರಿಸಿದನು. 1966ರಲ್ಲಿ ನ್ಯೂಯಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ನಡೆದ ಪ್ರಯೋಗವು ಈ ಕಾವಿನ ಮೂಲವನ್ನು ವಿವರಿಸಿತು: ತಾಯಿಯು ತನ್ನ ಸ್ನಾಯುಗಳನ್ನು ಲಯಬದ್ಧವಾಗಿ ಕಂಪಿಸಿ ಉಷ್ಣವನ್ನು ಉತ್ಪಾದಿಸುತ್ತಿತ್ತು, ಹೊರಗಿನ ಗಾಳಿ ತಣ್ಣಗಾದಂತೆ ಕಂಪನವು ಹೆಚ್ಚುತ್ತಿತ್ತು.

ಈ ಎರಡೂ ಹಾವುಗಳು ಬರ್ಮಾ ಹೆಬ್ಬಾವಿನ ಜಾತಿಯವು. ಬಹುಕಾಲ ಅದನ್ನು ಭಾರತದ ಹೆಬ್ಬಾವಿನ ಉಪಜಾತಿಯೆಂದು ಎಣಿಸುತ್ತಿದ್ದರು; 2009ರ ನಂತರ ಬೇರೆ ಜಾತಿಯೆಂದು ಪರಿಗಣಿಸಿದ್ದಾರೆ. 2003ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಪ್ರಾಣಿಸಂಗ್ರಹಾಲಯದ ಹೆಣ್ಣು ಬರ್ಮಾ ಹೆಬ್ಬಾವೊಂದರ ಮೊಟ್ಟೆಗಳಲ್ಲಿ ಗಂಡಿನ ಸಂಪರ್ಕವಿಲ್ಲದೆಯೇ ಭ್ರೂಣಗಳು ಬೆಳೆದುದು ವಂಶವಾಹಿಗಳ ಪರೀಕ್ಷೆಯಿಂದ ಸಿದ್ಧವಾಯಿತು. ಇಂತಹ ಅರಿವನ್ನು ಬಯಲಿನಲ್ಲಿ ಗಳಿಸುವುದು ದುಸ್ಸಾಧ್ಯವೇ ಸರಿ.

ಇದೇ ಅರಿವು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಕಾವಿನ ಅವಧಿಯಲ್ಲಿ ತಾಯಿಯು ಬಿಲವನ್ನು ಬಿಟ್ಟು ಅಗಲುವುದೇ ವಿರಳ. ಆ ಕಾಲದಲ್ಲಿ ಅದನ್ನು ಹಿಡಿದೊಯ್ದರೆ ಹಿಂದುಳಿದ ಮೊಟ್ಟೆಗಳಿಗೆ ಕಾವೂ ಇಲ್ಲ, ರಕ್ಷಣೆಯೂ ಇಲ್ಲ. ಒಂದು ಹಾವನ್ನು ಉಳಿಸಿದೆವೆಂದು ತೃಪ್ತಿಪಟ್ಟವರು ಒಂದು ಸಂಸಾರವನ್ನೇ ಅಳಿಸಿರಬಹುದು.

ಬಂಧನದಿಂದ ಬಂದ ಕೇಡು

ಶಾಸ್ತ್ರದ ಸಲುವಾಗಿ ನಡೆದ ಬಂಧನ ಒಂದು ಬಗೆಯದಾದರೆ, ವಿನೋದಕ್ಕಾಗಿ ಹಾಗೂ ಲಾಭಕ್ಕಾಗಿ ನಡೆದುದು ಇನ್ನೊಂದು ಬಗೆಯದು. ಸಂತೆ ಜಾತ್ರೆಗಳಲ್ಲಿ ಹೆಬ್ಬಾವನ್ನು ಕೊರಳಿಗೆ ಹಾಕಿಕೊಂಡು ಹಣ ಬೇಡುವ ದೃಶ್ಯವನ್ನು ಹಿಂದಿನ ತಲೆಮಾರಿನವರು ಕಂಡವರೇ. ತೊಗಲಿಗಾಗಿ ಇವುಗಳನ್ನು ಕೊಂದು ಪರದೇಶಗಳಿಗೆ ಮಾರಿದರು. ಕೊಬ್ಬಿನಿಂದ ಕೀಲುನೋವು ಹೋಗುವುದೆಂಬ ನಂಬಿಕೆಯಿಂದಲೂ ಕೊಂದರು. 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಹೆಬ್ಬಾವು ಸೇರಿದ್ದು, ಹುಲಿ ಆನೆಗಳಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಇದನ್ನು ಕೊಲ್ಲುವುದೂ ಹಿಡಿದಿಟ್ಟುಕೊಳ್ಳುವುದೂ ಅಪರಾಧ. 2022ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಕನಿಷ್ಠ ಮೂರು ವರ್ಷಗಳಿಂದ ಏಳು ವರ್ಷಗಳವರೆಗೆ ಸೆರೆವಾಸ, ಅದರ ಜೊತೆಗೆ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ ವಿಧಿಸಬಹುದಾಗಿದೆ.

ವಿನೋದಕ್ಕಾಗಿ ಸಾಕುವುದರ ಪರಿಣಾಮವನ್ನು ತಿಳಿಯಲು ಅಮೆರಿಕದ ಫ್ಲಾರಿಡಾ ಪ್ರಾಂತವನ್ನು ನೋಡಬೇಕು. ಅಲ್ಲಿಯ ಜನ ಏಷ್ಯದಿಂದ ತರಿಸಿ ಮನೆಗಳಲ್ಲಿ ಸಾಕಿದ ಬರ್ಮಾ ಹೆಬ್ಬಾವುಗಳು ತಪ್ಪಿಸಿಕೊಂಡೋ, ಸಾಕಲಾಗದೆ ಬಿಡಲ್ಪಟ್ಟೋ ಎವರ್‌ಗ್ಲೇಡ್ಸ್ ಎಂಬ ಜೌಗುನಾಡನ್ನು ಸೇರಿ ಬೆಳೆದುವು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ರಕೂನ್ ಎಂಬ ಸಣ್ಣ ಪ್ರಾಣಿಯು ಕಣ್ಣಿಗೆ ಬೀಳುವುದು ನೂರಕ್ಕೆ 99ರಷ್ಟು ಕಡಿಮೆಯಾಗಿದೆಯೆಂದು ತೋರಿಸಿತು. ಆ ಹಾವುಗಳಲ್ಲಿ ಕೆಲವು ನಮ್ಮ ಭಾರತದ ಹೆಬ್ಬಾವಿನೊಡನೆ ಬೆರಕೆಯಾದುವೆಂದು 2018ರ ಪರೀಕ್ಷೆಯಿಂದ ತಿಳಿದುಬಂದಿತು. ಅವುಗಳನ್ನು ಹುಡುಕಿ ಹಿಡಿಯಲು 2017ರ ಆರಂಭದಲ್ಲಿ ತಮಿಳುನಾಡಿನ ಇರುಳ ಜನಾಂಗದ ಇಬ್ಬರು ನಿಪುಣರನ್ನು ಅಮೆರಿಕಕ್ಕೆ ಕರೆಸಿಕೊಳ್ಳಬೇಕಾಯಿತು. ತನ್ನ ನೆಲೆಯಲ್ಲಿ ಉಪಕಾರಿಯಾದ ಜೀವಿಯು ನೆಲೆ ತಪ್ಪಿದರೆ ಹೇಗೆ ಅಪಕಾರಿಯಾಗುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ದೂರ ಒಯ್ದು ಬಿಡುವುದರ ವಿಚಾರವೂ ಫ್ಲಾರಿಡಾದಲ್ಲಿಯೇ ಪರೀಕ್ಷೆಗೆ ಒಳಗಾಯಿತು. ಆರು ಹೆಬ್ಬಾವುಗಳಿಗೆ ರೇಡಿಯೋ ಸೂಚಕಗಳನ್ನು ಅಳವಡಿಸಿ, ಹಿಡಿದ ಸ್ಥಳದಿಂದ 21ರಿಂದ 36 ಕಿಲೋಮೀಟರು ದೂರದಲ್ಲಿ ಬಿಟ್ಟರು. 2014ರಲ್ಲಿ ಪ್ರಕಟವಾದ ವರದಿಯಂತೆ ಅವುಗಳಲ್ಲಿ ಐದು ಹಾವುಗಳು ತಿಂಗಳುಗಟ್ಟಲೆ ಹರಿದು ತಮ್ಮ ಮೂಲಸ್ಥಾನದ ಐದು ಕಿಲೋಮೀಟರಿನೊಳಗೆ ಮರಳಿ ಬಂದುವು. ಬೈಲಹೊಂಗಲದ ಹೊಲದಲ್ಲಿ ಸಿಕ್ಕ ಹೆಬ್ಬಾವನ್ನು ಖಾನಾಪುರದ ಅಡವಿಗೆ ಒಯ್ದು ಬಿಟ್ಟರೆ ಅದು ಅಲ್ಲಿಯೇ ನೆಲೆಸುವುದೆಂಬ ಭರವಸೆಯಿಲ್ಲವೆಂಬುದನ್ನು ಇದರಿಂದ ಊಹಿಸಬಹುದು. ಅರಿಯದ ನೆಲದಲ್ಲಿ ಬಿಲ ಯಾವುದು, ನೀರೆಲ್ಲಿ ಎಂದು ಹುಡುಕುತ್ತ, ರಸ್ತೆಗಳನ್ನು ದಾಟುತ್ತ ಅದು ಚಕ್ರದಡಿ ಸಿಕ್ಕು ಸಾಯುವ ಸಂಭವವೇ ಹೆಚ್ಚು.

ಹೆಬ್ಬಾವೋ ಕೊಳಕುಮಂಡಲವೋ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಸೇರಿಸದಿದ್ದರೆ ಈ ವಿವರಣೆಯೇ ಅಪಾಯಕಾರಿಯಾದೀತು. ಹೆಬ್ಬಾವಿನ ಮರಿಯು ಹುಟ್ಟುವಾಗ ಸುಮಾರು ಒಂದೂವರೆಯಿಂದ ಎರಡಡಿ ಉದ್ದವಿದ್ದು, ಕಂದು ಮಚ್ಚೆಗಳಿಂದ ಕೂಡಿರುತ್ತದೆ. ಭಾರತದಲ್ಲಿ ಅತಿ ಹೆಚ್ಚು ಜನರನ್ನು ಬಲಿತೆಗೆದುಕೊಳ್ಳುವ ವಿಷದ ಹಾವುಗಳಲ್ಲೊಂದಾದ ಕೊಳಕುಮಂಡಲವೂ ದಪ್ಪ ಮೈ, ಕಂದು ಮಚ್ಚೆಗಳುಳ್ಳದ್ದೇ. ಅದನ್ನು ಹೆಬ್ಬಾವಿನ ಮರಿಯೆಂದು ತಪ್ಪು ತಿಳಿದು ಕೈಹಾಕಿ ಪ್ರಾಣಕ್ಕೆ ಎರವಾದವರುಂಟು. ಹೆಬ್ಬಾವಿನ ಮಚ್ಚೆಗಳು ಅಂಕುಡೊಂಕಾಗಿ, ಒಂದರಂತೊಂದಿರದೆ ಹರಡಿರುತ್ತವೆ. ಮೈ ನುಣುಪಾಗಿ ಮಿರುಗುತ್ತದೆ. ಕೊಳಕುಮಂಡಲದ ಮಚ್ಚೆಗಳು ಸರಪಳಿಯ ಕೊಂಡಿಗಳಂತೆ ದುಂಡಾಗಿ ಮೂರು ಸಾಲುಗಳಲ್ಲಿರುತ್ತವೆ; ಹುರುಪೆ ಒರಟು, ತಲೆ ಮೂರುಮೂಲೆಯದು, ಬುಸುಗುಟ್ಟುವ ಸದ್ದು ಬಹು ಜೋರು. ಈ ಭೇದಗಳನ್ನು ಚಿತ್ರದಲ್ಲಿ ನೋಡಿ ಕಲಿಯಬೇಕೇ ಹೊರತು ಹೊಲದಲ್ಲಿ ಹತ್ತಿರ ಹೋಗಿ ಪರೀಕ್ಷಿಸಬಾರದು. ಯಾವ ಹಾವನ್ನೂ ಮುಟ್ಟದಿರುವುದೇ ಎಲ್ಲರಿಗೂ ಸಲ್ಲುವ ನಿಯಮ. ಕಚ್ಚಿದ ಪಕ್ಷದಲ್ಲಿ ಮಂತ್ರ ಮದ್ದುಗಳಿಗಾಗಿ ಹೊತ್ತು ಕಳೆಯದೆ ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಕೂಡಲೆ ಒಯ್ಯತಕ್ಕದ್ದು.

ಶಾಲೆಯ ಪಾಲು

ಕಬ್ಬಿನ ಹೊಲದ ಆ ಗಳಿಗೆಗೆ ಮರಳುವುದಾದರೆ, ಅಲ್ಲಿ ಮೂರನೆಯ ಸಲಹೆಯೊಂದು ಕೇಳಿಬರಬೇಕಾಗಿದೆ. ಕಟಾವನ್ನು ಅಷ್ಟರಲ್ಲಿ ನಿಲ್ಲಿಸಿ, ಜನರನ್ನು ದೂರ ಸರಿಸಿ, ಹಳ್ಳದ ಅಥವಾ ಗುಡ್ಡದ ಕಡೆಗೆ ಒಂದು ದಾರಿಯನ್ನು ತೆರೆದಿಟ್ಟರೆ ಹಾವು ತಾನಾಗಿ ಹೊರಟುಹೋಗುತ್ತದೆ. ರವದಿಗೆ ಬೆಂಕಿ ಹಚ್ಚುವ ಮೊದಲು ಒಂದು ಸುತ್ತು ನೋಡಿಕೊಳ್ಳಬೇಕು. ಹಾವು ಮನೆಯೊಳಗೋ ಹಟ್ಟಿಯೊಳಗೋ ಸೇರಿದ್ದರೆ, ಬಾವಿಯಲ್ಲಿ ಬಿದ್ದಿದ್ದರೆ, ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಹಿಡಿದುದನ್ನು ಆದಷ್ಟು ಸಮೀಪದ ಯೋಗ್ಯ ನೆಲೆಯಲ್ಲಿಯೇ ಬಿಡುವಂತೆ ಕೇಳಿಕೊಳ್ಳಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಸೀಮೆಯ ಗ್ರಾಮಗಳನ್ನು ಹೊಕ್ಕಂತಹ ನೆರೆಯ ಕಾಲದಲ್ಲಿ ನೆಲೆ ಕಳೆದುಕೊಳ್ಳುವುದು ಮನುಷ್ಯನೊಬ್ಬನೇ ಅಲ್ಲವೆಂಬುದನ್ನು ನೆನೆದರೆ ಇದಕ್ಕೆ ಬೇಕಾದ ತಾಳ್ಮೆ ಬಂದೀತು.

ಈ ಮೂರನೆಯ ಸಲಹೆಯನ್ನು ಹೇಳುವವರು ಯಾರು? ಹಳ್ಳಿಗಳಲ್ಲಿ ಇಂದಿಗೂ ಗುರುಗಳ ಮಾತಿಗೆ ಬೆಲೆಯಿದೆ. ಶಾಲೆ ಕಲಿತು ಊರಲ್ಲಿ ಒಕ್ಕಲುತನ ಮಾಡುವ ಹಳೆಯ ವಿದ್ಯಾರ್ಥಿಗಳ ಮಾತಿಗೂ ಬೆಲೆಯಿದೆ. ವಿಜ್ಞಾನದ ತರಗತಿಯಲ್ಲಿ ಹೆಬ್ಬಾವು ಮತ್ತು ಕೊಳಕುಮಂಡಲಗಳ ಚಿತ್ರಗಳೆರಡನ್ನು ಒತ್ತಟ್ಟಿಗೆ ತೂಗುಹಾಕುವುದಕ್ಕೆ ದೊಡ್ಡ ವೆಚ್ಚವಿಲ್ಲ. ಮಕ್ಕಳನ್ನು ಬೆಳಗಾವಿಯ ಹತ್ತಿರ ಭೂತರಾಮನಹಟ್ಟಿಯಲ್ಲಿರುವ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯಕ್ಕೆ ಕರೆದೊಯ್ದಾಗ, ಕಾನೂನಿನ ಅನುಮತಿ ಪಡೆದ ಸಂಸ್ಥೆ ಪ್ರಾಣಿಗಳನ್ನು ಸಾಕುವುದಕ್ಕೂ ವ್ಯಕ್ತಿಯೊಬ್ಬನು ಕೂಡಿಹಾಕುವುದಕ್ಕೂ ಇರುವ ಅಂತರವನ್ನು ವಿವರಿಸಬಹುದು. ದಾನಿಗಳು ಶಾಲೆಗೆ ಕೊಡುವ ಭೂಮಿಯಲ್ಲಿ ಹಳ್ಳದ ದಂಡೆಯ ಕಂಟಿಯಿದ್ದರೆ, ಮಕ್ಕಳು ಓಡಾಡದ ಮೂಲೆಯಲ್ಲಿ ಅದನ್ನು ಸವರದೆ ಉಳಿಸುವುದೂ ಒಂದು ದಾನವೇ.

ಮಳೆಗಾಲದ ಮೊದಲ ವಾರಗಳಲ್ಲಿ ಮೊಟ್ಟೆಯ ತೊಗಲನ್ನು ಸೀಳಿ ಹೆಬ್ಬಾವಿನ ಮರಿಗಳು ಹೊರಬರುತ್ತವೆ. ತಾಯಿ ಅವುಗಳಿಗೆ ಉಣಿಸುವುದಿಲ್ಲ, ಬೇಟೆ ಕಲಿಸುವುದೂ ಇಲ್ಲ. ಹದ್ದು, ಮುಂಗುಸಿ, ಉಡಗಳ ಬಾಯಿಂದ ತಪ್ಪಿಸಿಕೊಂಡು ಬಲಿಯುವುದು ಕೆಲವು ಮಾತ್ರ. ಹತ್ತು ಅಡಿ ಬೆಳೆದು ಕಬ್ಬಿನ ಹೊಲದಲ್ಲಿ ಕಾಣಿಸಿಕೊಂಡ ಹಾವು ಇಂತಹ ಎಷ್ಟೋ ವರ್ಷಗಳನ್ನು ದಾಟಿ ಬಂದುದು. ಅದಕ್ಕೆ ದಾರಿ ಬಿಡಲು ಬೇಕಾಗುವುದು ಅರ್ಧ ತಾಸಿನ ಬಿಡುವು ಮಾತ್ರ.